ಹಾರೋ ಮಾಸ್ತರರ ಸನ್ಮಾನ

ಚನ್ನಬಸವ ಮಾಸ್ತರ ನೆಲ ಬಿಟ್ಟು ಒಂದು ಮೊಳ ಮೇಲೆ ಹೋದವನಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು. ಯಾಕೆಂದರೆ ಆ ಕಾರ್ತಿಕದಲ್ಲಿ ಸೇಡಂನಿಂದ ಚಿಂಚೋಳಿಯ ತನಕ ಯಾವ ಹೋಟೆಲಿನಲ್ಲಿ ಕೇಳಿದರೂ, "ಹಾರೋ ಮಾಸ್ತರಲ್ಲೇನ್ರಿ? ಚಿತ್ತಾಪುರ ಸಾಲಿಯವರು? ಅವರು ಯಾರಿಗಿ ಗೊತ್ತಿಲ್ರಿ!" ಎನ್ನುವವರೇ ಎಲ್ಲ. ಅವನು ಕುಡಿದ ಚಹಾಕ್ಕೆ ರೊಕ್ಕವನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಪುಣ್ಯಾತ್ಮ, ಬೇಡವೆನ್ನದೆ ಕುಡಿಯುತ್ತಿದ್ದ.

ಹಾರುತ್ತಿದ್ದವನು ಅವನ ಗೆಳೆಯ ಅಬ್ರಾರ. ಶಹಾಬಾದದಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ದು ಪಾಲಿಶ್ ಮಾಡುವ ಸಣ್ಣ ಕಾರ್ಖಾನೆ ಅವನದು. ಕಲ್ಲಿನ ವ್ಯಾಪಾರಕ್ಕೆಂದು ಪುಣೆ ಕಡೆ ಕೆಲವು ವರ್ಷ ಇದ್ದಾಗ ಹ್ಯಾಂಗ್ ಗ್ಲೈಡರಿನ ಹುಚ್ಚು ಹಿಡಿಸಿಕೊಂಡು, ಬರುವಾಗ ತನಗೆ ಕಲಿಸಿದವರ ಹಳೆಯ ಗ್ಲೈಡರನ್ನೇ ಲಾರಿಯ ಮೇಲೆ ಹಾಕಿಕೊಂಡು ಬಂದಿದ್ದ. ನೋಡಲು ಅದು ಭಾರಿ ದೊಡ್ಡ ಪಟ. ಅಲ್ಯುಮಿನಿಯಂ ಕೊಳವೆಗಳಿಗೆ ಬಿಗಿದ ಗಟ್ಟಿ ಬಟ್ಟೆ, ಕೆಳಗೆ ಹಿಡಿಯಲು ಮೂರು ಮೂಲೆಯ ಸರಳು, ಹಾರುವವನು ಬೋರಲಾಗಿ ತೂಗಿಬೀಳಲು ಪಟ್ಟಿಗಳು. ಗುಡ್ಡದ ಅಂಚಿನಿಂದ ಎದುರುಗಾಳಿಗೆ ಮುಖಮಾಡಿ ಓಡಬೇಕು. ಓಡುತ್ತಿದ್ದಂತೆ ಗಾಳಿಯೇ ಎತ್ತಿಕೊಳ್ಳುತ್ತದೆ. ಇಂಜಿನ್ನಿಲ್ಲ, ಸದ್ದಿಲ್ಲ.

ಇವರಿಬ್ಬರು, ಇನ್ನೊಬ್ಬ ಗೆಳೆಯ ದೇವೀಂದ್ರಪ್ಪ, ವಾರವಿಡೀ ಮೂವರೂ ತಮ್ಮ ತಮ್ಮ ದುಡಿಮೆಯಲ್ಲಿರುತ್ತಿದ್ದರು. ಶನಿವಾರ ಅರ್ಧ ದಿನದ ಸಾಲಿ ಮುಗಿಸಿ ಚನ್ನು ಹೊರಗೆ ಬಂದರೆ ಗೇಟಿನ ಹತ್ತಿರ ದೇವೀಂದ್ರಪ್ಪನ ಜೀಪು ನಿಂತಿರುತ್ತಿತ್ತು. ದೇವೀಂದ್ರಪ್ಪ ವಾಡಿ ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿಯ ಗಾರ್ಡು, ಮಾತು ಕಡಿಮೆ, ಆಡಿದರೆ ಚುಚ್ಚಿಯೇ ಆಡುವವನು. ಜೀಪಿನ ಮೇಲೆ ಮಡಚಿ ಕಟ್ಟಿದ ಗ್ಲೈಡರನ್ನು ನೋಡಿ ದಾರಿಯಲ್ಲಿ ಜನ, "ಯಾರ ಮನ್ಯಾಗ ಮದಿವಿರಿ? ಶಾಮಿಯಾನಾ ಒಯ್ಯಾಕತ್ತೀರಿ?" ಎಂದು ಕೇಳುತ್ತಿದ್ದರು. ರಾತ್ರಿ ಸೇಡಂನಲ್ಲಿ ಮಲಗಿ, ಬೆಳಗಾದರೆ ಸುಲೇಪೇಟ ದಾಟಿ ಚಿಂಚೋಳಿ ಕಡೆಯ ಗುಡ್ಡ. ಕೆಳಗೆ ಕಣ್ಣು ಹರಿಯುವ ತನಕ ತೊಗರಿ, ಹಳದಿ ಹೂ ಬಿಟ್ಟು ಆಳೆತ್ತರ ನಿಂತಿರುತ್ತಿತ್ತು.

ಮೊದಲು ಚನ್ನುವೂ ಹಾರಬೇಕೆಂದೇ ಹೋಗಿದ್ದ. ಪಟ್ಟಿ ಕಟ್ಟಿಕೊಂಡ, ಸರಳು ಹಿಡಿದ, ಓಡಿದ. ಅಂಚು ಬಂದ ಕೂಡಲೇ ಅವನ ಕಾಲುಗಳು ತಾವೇ ನಿಂತವು. ಗ್ಲೈಡರಿನ ಮೂತಿ ನೆಲಕ್ಕೆ ಬಡಿಯಿತು, ಇವನು ಅದರಡಿ ಬಿದ್ದ. ಇನ್ನೊಮ್ಮೆ ಓಡಿದ, ಮತ್ತೆ ಅದೇ ಹಾಡು. "ಮಾಸ್ತರ ಬ್ರೇಕು ಭಾಳ ಛಲೋ ಅವ," ಎಂದ ದೇವೀಂದ್ರಪ್ಪ. ಆಮೇಲೆ ಚನ್ನು ಹಾರುವ ಮಾತೆತ್ತಲಿಲ್ಲ. ಅಬ್ರಾರ ಓಡುವಾಗ ಮುಂದೆ ನಿಂತು ತಂತಿ ಹಿಡಿಯುವುದು, ಅವನು ಇಳಿದಲ್ಲಿಗೆ ಹೋಗಿ ಬಟ್ಟೆ ಮಡಚುವುದು ಇಷ್ಟೇ ಅವನ ಪಾಲಿಗೆ ಬಂತು. ಅದರಲ್ಲೂ ಅವನಿಗೆ ಸುಖವಿತ್ತು.

ಅಬ್ರಾರನಿಗೆ ಇದ್ದದ್ದು ಬೇರೆ ಹೆದರಿಕೆ. ಅವನ ತಂದೆ ಮುನಾಫ ಕಲ್ಲಿನ ಖಣಿಯ ದಂಡೆಯಿಂದ ಜಾರಿಬಿದ್ದು ಸತ್ತವರು. ಅಂದಿನಿಂದ ಅವನ ತಾಯಿ ರಹೀಮಾಬಿ ಮಗನನ್ನು ಮಾಳಿಗೆಯ ನಿಚ್ಚಣಿಕೆ ಹತ್ತಲೂ ಬಿಡುತ್ತಿರಲಿಲ್ಲ. ಎತ್ತರದ ಜಾಗಕ್ಕೆ ಹೋಗುವುದಿಲ್ಲವೆಂದು ತನ್ನ ತಲೆಯ ಮೇಲೆ ಕೈ ಇಡಿಸಿ ಆಣೆ ಮಾಡಿಸಿಕೊಂಡಿದ್ದಳು. ಆಣೆ ಮಾಡಿದವನು ಗುಡ್ಡದಿಂದ ಹಾರುತ್ತಿದ್ದಾನೆಂದು ಗೊತ್ತಾದರೆ ಆ ಜೀವ ಉಳಿಯುವ ಹಾಗಿರಲಿಲ್ಲ. ಮನೆಯಲ್ಲಿ ಅಬ್ರಾರ ಹೇಳಿದ್ದು, ಗೆಳೆಯರೊಂದಿಗೆ ತಿರುಗಾಡಲು ಹೋಗುತ್ತೇನೆಂದು.

ಶಹಾಬಾದದಲ್ಲಿ ಚನ್ನುವಿನ ಮನೆಗೂ ಅಬ್ರಾರನ ಮನೆಗೂ ನಡುವೆ ಒಂದೇ ಗೋಡೆ. ಚನ್ನುವಿನ ತಾಯಿ ವಿಮಲಾಬಾಯಿಗೂ ರಹೀಮಾಬಿಗೂ ದಿನಕ್ಕೊಮ್ಮೆ ಎದುರುಬದುರು ಕೂಡದಿದ್ದರೆ ತಿಂದ ಅನ್ನ ಜೀರ್ಣವಾಗುತ್ತಿರಲಿಲ್ಲ. ಚನ್ನುವಿಗೆ ರಹೀಮಾಬಿ ಖಾಲಾ, ಎಂದರೆ ಚಿಕ್ಕಮ್ಮ. ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಇಬ್ಬರೂ ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಹುಡುಗರಿಬ್ಬರೂ ಅಲ್ಲೇ ಇದ್ದರು. ರಹೀಮಾಬಿಯ ಫೋನಿಗೆ ಯಾರೋ ಒಂದು ವೀಡಿಯೊ ಕಳಿಸಿದ್ದರು. ಸುಲೇಪೇಟ ಸಂತೆಯಿಂದ ಮರಳುವಾಗ ಯಾರೋ ತೆಗೆದದ್ದು. ಆಕಾಶದಲ್ಲಿ ರೆಕ್ಕೆ ಬಿಚ್ಚಿ ತೇಲುವ ಪಟ, ಅದರಡಿ ಮುಖ ಕಾಣದ ಕಪ್ಪು ಗಾಜಿನ ಹೆಲ್ಮೆಟ್ ಹಾಕಿದ ಒಬ್ಬ ಮನುಷ್ಯ, ಕೆಳಗೆ ದೇವೀಂದ್ರಪ್ಪನ ಜೀಪು.

"ಯಾ ಅಲ್ಲಾ! ಇದು ದೇವೀಂದ್ರಪ್ಪಂದೇ ಜೀಪ್ ಅಲ್ಲ?" ಎಂದಳು ರಹೀಮಾಬಿ. "ಇವ ಯಾರು ಮ್ಯಾಲೆ ಹಾರಾಕತ್ತಿದವ?"

ಅಬ್ರಾರನ ಮುಖದಲ್ಲಿ ನೆತ್ತರಿರಲಿಲ್ಲ. ಚನ್ನು ಅವನತ್ತ ನೋಡಿ, ಹಿಂದುಮುಂದು ಯೋಚಿಸದೆ ಹೇಳಿಬಿಟ್ಟ: "ನಾನೇ, ಖಾಲಾ."

ಅದು ಒಳ್ಳೆಯ ಮನಸ್ಸಿನಿಂದ ಆಡಿದ ಮಾತು, ಅದರಲ್ಲಿ ಎರಡಿಲ್ಲ. ವಿಮಲಾಬಾಯಿ ಕೈಯಲ್ಲಿದ್ದ ಕಾಯಿಯನ್ನೆಲ್ಲ ಮಗನ ಮೇಲೆ ತೂರಿ ಬಾಯಿಗೆ ಬಂದಂತೆ ಬೈದಳು. ರಾತ್ರಿ ಗೋಡೆಯ ಹತ್ತಿರ ಅಬ್ರಾರ ಗೆಳೆಯನ ಕೈ ಹಿಡಿದುಕೊಂಡು, "ಚನ್ನ್ಯಾ, ನನ್ನ ಅಮ್ಮೀನ ಉಳಿಸಿದಿ ನೀ," ಎಂದು ಕಣ್ಣೀರು ತೆಗೆದ. ಅಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು!

ಮುಗಿಯಬೇಕಲ್ಲ? ಬೈದ ತಾಯಿಯೇ ಮರುದಿನ ಓಣಿಯೆಲ್ಲ ಹೇಳಿಕೊಂಡು ಬಂದಳು. ಸುದ್ದಿ ಚಿತ್ತಾಪುರಕ್ಕೆ ಇವನಿಗಿಂತ ಮೊದಲೇ ಮುಟ್ಟಿತ್ತು. ಸಾಲಿಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಹೆಡ್ ಮಾಸ್ತರರು ಮುಂದೆ ಕರೆದು ನಿಲ್ಲಿಸಿದರು, ಹುಡುಗರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಚನ್ನುವಿನ ಕಿವಿಯೊಳಗೆ ಹೋಗಿ ಕೂತಿತು. ಹನ್ನೆರಡು ವರ್ಷ ಪಾಠ ಹೇಳಿದ್ದಕ್ಕೆ ಒಬ್ಬನೂ ಒಮ್ಮೆಯೂ ಹಾಗೆ ತಟ್ಟಿರಲಿಲ್ಲ. ಒಂದು ಯೂಟ್ಯೂಬ್ ಚಾನೆಲ್ಲಿನವರು ಬಂದು ಮೈಕು ಹಿಡಿದರೆ, "ಭಯ ಅನ್ನೋದು ಮನಸ್ಸಿನ ರೋಗ ನೋಡ್ರಿ," ಎಂದು ಶುರು ಮಾಡಿ ಅರ್ಧ ತಾಸು ಮಾತಾಡಿದ. ಅಷ್ಟೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ಮುಂದಿನ ಭಾನುವಾರ ಗುಡ್ಡದ ಮೇಲೆ ಅಬ್ರಾರನಿಗೇ, "ನೀ ಇಳಿಯೋ ಮುಂದ ಸರಳು ಸ್ವಲ್ಪ ತಡದು ನೂಕ್ತೀ, ಅದೊಂದು ನೋಡ್ಕೋ," ಎಂದು ಬುದ್ಧಿ ಹೇಳಿದ. ಅಬ್ರಾರ ನಕ್ಕ. ದೇವೀಂದ್ರಪ್ಪ ಉಗುಳಲು ಆಚೆ ಹೋದ.

ಹೀಗಿರುವಾಗ ಸುಲೇಪೇಟ ಕಡೆಯ ಒಂದು ಯುವಕ ಸಂಘದ ಅಧ್ಯಕ್ಷ ಮಡಿವಾಳಯ್ಯ ಬಂದ. ಬಿಳಿ ಅಂಗಿ, ಹಣೆಗೆ ವಿಭೂತಿ, ಮೈಕು ಕಂಡರೆ ಮೈಮರೆಯುವ ಸ್ವಭಾವ, ಆದರೆ ಮನುಷ್ಯ ಕೆಟ್ಟವನಲ್ಲ. ಗುಡ್ಡದ ಬುಡದ ಬೀಳು ಹೊಲದಲ್ಲಿ ಭಾನುವಾರ ಹಾರೋ ಮಾಸ್ತರರಿಗೆ ಸನ್ಮಾನ. ಸನ್ಮಾನವಾದ ಮೇಲೆ ಎಲ್ಲರೆದುರು ಹಾರಿ ತೋರಿಸಬೇಕು. ಬ್ಯಾನರಿಗೆ ಆಗಲೇ ಕೊಟ್ಟಾಗಿದೆ. ಚನ್ನು ಬೇಡವೆನ್ನಬೇಕಾದ ಜಾಗ ಇದೇ ಆಗಿತ್ತು. ಅವನು, "ಟೈಮ್ ಎಷ್ಟಕ್ಕ್ರಿ?" ಎಂದು ಕೇಳಿದ.

ಮೂವರೂ ಕೂತು ಉಪಾಯ ಹೂಡಿದರು. ಅಬ್ರಾರ ತಾಂಡೂರಿಗೆ ಕಲ್ಲಿನ ಲೋಡು ಒಯ್ಯುತ್ತೇನೆಂದು ಮನೆಯಲ್ಲಿ ಹೇಳಿ ಬೆಳಗಿನಲ್ಲೇ ಗುಡ್ಡ ಸೇರುವುದು. ಚನ್ನು ಸನ್ಮಾನ ಮುಗಿಸಿಕೊಂಡು ಜೀಪಿನಲ್ಲಿ ಮೇಲೆ ಬರುವುದು, ತನ್ನ ಜಾಕೆಟ್ಟು ಬಿಚ್ಚಿ ಅವನಿಗೆ ಕೊಡುವುದು. ದೇವೀಂದ್ರಪ್ಪ ಇವನನ್ನು ಹಿಂದಿನ ದಾರಿಯಿಂದ ಕೆಳಗಿಳಿಸಿ ತೊಗರಿಯಲ್ಲಿ ಅಡಗಿಸಿ ಬರುವುದು. ಅಬ್ರಾರ ಹಾರಿ, ಜನರಿಂದ ದೂರ ತೊಗರಿಯ ಅಂಚಿಗೆ ಇಳಿದು ಒಳಗೆ ನುಸುಳಿದರೆ, ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಹೊರಗೆ ಬರುವವನು ಚನ್ನು.

"ಒಂದ್ ಮಾತು," ಎಂದಿದ್ದ ಅಬ್ರಾರ. "ಇಳಿಯೋ ಜಾಗಾ ಪೂರಾ ಖಾಲಿ ಇರಬೇಕು. ಇದಕ್ಕ ಬ್ರೇಕ್ ಇಲ್ಲ, ಹಾರನ್ ಇಲ್ಲ. ಜನ ಹಗ್ಗದ ಆಚಿ ನಿಲ್ಲಲಿ ಅಂತ ನೀನೇ ಸ್ವತಃ ಮೈಕಿನ್ಯಾಗ ಹೇಳು. ಉಳಿದಿದ್ದು ಏನ್ ಮರೆತ್ರೂ ಇದು ಮರೀಬ್ಯಾಡ."

"ನನಗ ಹೇಳ್ತಿ?" ಎಂದಿದ್ದ ಚನ್ನು.

ಭಾನುವಾರ ಹೊಲಕ್ಕೆ ಹೋಗಿ ನೋಡಿದರೆ ಶಾಮಿಯಾನ, ಹಲಗೆ ಬಾರಿಸುವವರು, ಧ್ವನಿವರ್ಧಕ, ಸುತ್ತಲಿನ ಹಳ್ಳಿಗಳ ಜನವೋ ಜನ. ವೇದಿಕೆಯ ಮುಂದಿನ ಸಾಲಿನಲ್ಲಿ ಅವನ ಅವ್ವ, ಪಕ್ಕದಲ್ಲಿ ರಹೀಮಾಬಿ. ಇಂಥ ಮಗನನ್ನು ಹೆತ್ತ ತಾಯಿಗೆ ಉಡಿ ತುಂಬದೆ ಸನ್ಮಾನ ಮಾಡಿದರೆ ಅದು ಸನ್ಮಾನವೇ ಅಲ್ಲವೆಂದು ಮಡಿವಾಳಯ್ಯ ಗಾಡಿ ಕಳಿಸಿ ಕರೆಸಿದ್ದ. ರಹೀಮಾಬಿಯಿಲ್ಲದೆ ನಾನು ಹತ್ತುವುದಿಲ್ಲ ಎಂದು ವಿಮಲಾಬಾಯಿ ಹಟ ಹಿಡಿದು ಅವಳನ್ನೂ ಕರೆತಂದಿದ್ದಳು.

ತಾಯಿಯ ಉಡಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಕುಪ್ಪಸದ ಖಣ ಬಿದ್ದವು. ವಿಮಲಾಬಾಯಿ ಸೆರಗಿನಲ್ಲಿ ಹಿಡಿದುಕೊಂಡು ಅತ್ತೇಬಿಟ್ಟಳು. ಮಗನಿಗೆ ಶಾಲು, ಹಾರ, ಪೇಟ. ಆಮೇಲೆ ಮೈಕು. ಚನ್ನು ಮಾತಾಡಿದ. ಗಾಳಿಯ ಗುಣ ಹೇಳಿದ, ಹದ್ದಿನ ರೆಕ್ಕೆಯ ವಿಚಾರ ಹೇಳಿದ, ಯುವಕರು ಮೊಬೈಲು ಬಿಟ್ಟು ಸಾಹಸ ಮಾಡಬೇಕೆಂದ, ತಾಯಿಯ ಆಶೀರ್ವಾದವೇ ತನ್ನ ರೆಕ್ಕೆ ಎಂದ. ಆ ಮಾತಿಗಂತೂ ಎಂಥ ಚಪ್ಪಾಳೆ! ಶಿಳ್ಳೆ ಬೇರೆ. ಇಳಿದು ಜೀಪು ಹತ್ತುವ ತನಕ ಅವನ ಕಿವಿಯಲ್ಲಿ ಅದೇ ತುಂಬಿತ್ತು.

ಗುಡ್ಡದ ಮೇಲೆ ಗ್ಲೈಡರು ಸಿದ್ಧವಾಗಿ ನಿಂತಿತ್ತು. ರಹೀಮಾಬಿ ಬಂದಿದ್ದಾಳೆಂದು ಕೇಳಿದ್ದೇ ಅಬ್ರಾರ ಕಟ್ಟಿಕೊಂಡಿದ್ದ ಪಟ್ಟಿ ಬಿಚ್ಚತೊಡಗಿದ.

"ಆಗಂಗಿಲ್ಲಪಾ. ಅಮ್ಮೀ ಎದುರಿಗಿ ನನ್ನ ಕೈ ಆಡಂಗಿಲ್ಲ. ಗಾಳಿ ಛಲೋ ಇಲ್ಲ ಅಂತ ಹೇಳಿಬಿಡು."

"ಏ, ಹಂಗನಬ್ಯಾಡೋ! ಎರಡ್ ಸಾವಿರ ಮಂದಿ ಕುಂತದ. ಅವ್ವಗ ಉಡಿ ತುಂಬ್ಯಾರ. ಈಗ ಇಲ್ಲಂದ್ರ ನನ್ನ ಮಾನ ಏನಾಗ್ಬೇಕು?" ಎಂದ ಚನ್ನು. "ಹೆಲ್ಮೆಟ್ ಇರ್ತದ, ಖಾಲಾಗ ಹ್ಯಾಂಗ ಗೊತ್ತಾಗ್ತದ? ಇದೊಂದ್ ಸಲ. ಆಮ್ಯಾಗ ಕಾಲು ಮುರದದ ಅಂತ ಹೇಳಿ ನಾ ಹಾರೋದೇ ಬಿಟ್ಟುಬಿಡ್ತೀನಿ."

ಅಬ್ರಾರ ಅವನನ್ನೇ ನೋಡಿದ. ಅಂಗಳದಲ್ಲಿ ಇವನು ತನಗಾಗಿ ಆಡಿದ ಮಾತು ನೆನಪಾಗಿರಬೇಕು. ಮತ್ತೆ ಪಟ್ಟಿ ಬಿಗಿದುಕೊಂಡ. ಜಾಕೆಟ್ಟು ತೊಟ್ಟ, ತನ್ನ ಫೋನನ್ನು ಚನ್ನುವಿನ ಕೈಗೆ ಕೊಟ್ಟ.

"ಜಾಗಾ ಖಾಲಿ ಇಡ್ರಿ ಅಂತ ಹೇಳಿದಿಲ್ಲ?"

ಆಗ ನೆನಪಾಯಿತು. ಹದ್ದಿನ ರೆಕ್ಕೆಯಿಂದ ಹಿಡಿದು ತಾಯಿಯ ಆಶೀರ್ವಾದದ ತನಕ ಎಲ್ಲ ಹೇಳಿದವನು ಅದೊಂದನ್ನು ಹೇಳಿರಲಿಲ್ಲ. ಮರೆತೆ ಎಂದರೆ ಅಬ್ರಾರ ಹಾರುವುದಿಲ್ಲ.

"ಹೇಳೀನಿ," ಎಂದ ಚನ್ನು.

ಕೆಳಗೆ ಹೋದವನೇ ಮಡಿವಾಳಯ್ಯನಿಗೆ ಫೋನ್ ಮಾಡಿದರಾಯಿತು ಎಂದುಕೊಂಡಿದ್ದ. ದೇವೀಂದ್ರಪ್ಪ ಅವನನ್ನು ತೊಗರಿಯ ಹಿಂದೆ ಇಳಿಸಿ ಮತ್ತೆ ಗುಡ್ಡ ಹತ್ತಿದ. ಚನ್ನು ಸಾಲಿನೊಳಗೆ ನುಸುಳಿ ಅಂಚಿಗೆ ಬಂದು ಕುಕ್ಕರಗಾಲಿನಲ್ಲಿ ಕೂತು ಫೋನ್ ಹಚ್ಚಿದ. ಹಲಗೆಯ ಸದ್ದಿಗೆ ಮಡಿವಾಳಯ್ಯನಿಗೆ ಫೋನೇ ಕೇಳಿಸಲಿಲ್ಲ. ಮತ್ತೆ ಹಚ್ಚಿದ, ಮತ್ತೂ ಹಚ್ಚಿದ. ಎದ್ದು ಹೋಗಿ ಹೇಳಿದ್ದರೆ ಮುಗಿಯುತ್ತಿತ್ತು, ಅಷ್ಟೇನೂ ದೂರವಿರಲಿಲ್ಲ. ಆದರೆ ಗುಡ್ಡದ ಮೇಲಿರಬೇಕಾದ ಹಾರೋ ಮಾಸ್ತರ ಬೆವರಿದ ಅಂಗಿಯಲ್ಲಿ ತೊಗರಿಯೊಳಗಿಂದ ಹೇಗೆ ಎದ್ದು ಬರುವುದು? ಏನಾಗುವುದಿಲ್ಲ ಬಿಡು, ಜನಕ್ಕೆ ಅಷ್ಟೂ ತಿಳಿಯುವುದಿಲ್ಲವೇ ಎಂದುಕೊಂಡು ಕೂತ.

"ಬಂದ್ರು! ಬಂದ್ರು!" ಎಂಬ ಕೂಗೆದ್ದಿತು. ಗುಡ್ಡದ ಅಂಚಿನಿಂದ ಕೆಂಪು ಪಟ ಕಳಚಿಕೊಂಡು ಬಂದು ಗಾಳಿಯಲ್ಲಿ ನಿಂತಿತು. ಎಂಥ ಚಂದ ಹಾರುತ್ತಿದ್ದ ಅಬ್ರಾರ! ಒಂದು ಸುತ್ತು ಹಾಕಿ, ವಾಲಿ, ಇನ್ನೊಂದು ಸುತ್ತಿಗೆ ಇಳಿಯತೊಡಗಿದ. ಮಡಿವಾಳಯ್ಯನಿಗೆ ಆವೇಶ ಬಂತು.

"ತಾಯಂದಿರು ಮುಂದ ಬರ್ರಿ! ಆರತಿ ತಗೊಂಡು ಬರ್ರಿ! ನಮ್ಮ ಮಾಸ್ತರು ನೆಲಕ್ಕ ಕಾಲು ಇಡೋದಕ್ಕಿಂತ ಮೊದಲು ಆರತಿ ಆಗಬೇಕು! ಎಲ್ಲಾರೂ ಬರ್ರಿ, ಹೂ ಹಾರಸ್ರಿ!"

ಕರೆದರೆ ಬಾರದ ಜನವೇ ಅದು? ಊರಿಗೆ ಬಂದ ದೊಡ್ಡವರನ್ನು ಹೊಸ್ತಿಲಿಗೆ ಹೋಗಿ ಇದಿರುಗೊಳ್ಳದೆ ಕೂತಲ್ಲೇ ಕೂತಿರುವುದು ಆ ಸೀಮೆಯಲ್ಲಿ ಯಾರಿಗೂ ಗೊತ್ತಿಲ್ಲ. ಹಗ್ಗ ಹರಿಯಿತು. ಹಲಗೆ ಬಾರಿಸುವವರು, ಹೂವಿನ ಬುಟ್ಟಿಯವರು, ಎಲ್ಲರೂ ಅವನು ಇಳಿಯುವ ಜಾಗಕ್ಕೇ ನುಗ್ಗಿದರು. ಎಲ್ಲರಿಗಿಂತ ಮುಂದೆ ವಿಮಲಾಬಾಯಿ, ಕೈಯಲ್ಲಿ ಕೆಂಪು ನೀರಿನ ಆರತಿ ತಟ್ಟೆ, ಅವಳ ರಟ್ಟೆ ಹಿಡಿದು ರಹೀಮಾಬಿ.

ಪಟ ಆಗಲೇ ನೆಲದ ಹತ್ತಿರಕ್ಕೆ ಬಂದಾಗಿತ್ತು. ಚನ್ನು ನೋಡುತ್ತಿದ್ದಂತೆ ಅದು ನೇರ ಆ ಇಬ್ಬರು ಹೆಂಗಸರ ಕಡೆಗೇ ಸಾಗಿತು. ಕಡೆಯ ಗಳಿಗೆಯಲ್ಲಿ ಅಬ್ರಾರ ಪೂರ್ತಿ ಮೈಯನ್ನು ಒಂದು ಪಕ್ಕಕ್ಕೆ ಎಸೆದ. ರೆಕ್ಕೆಯ ತುದಿ ನೆಲಕ್ಕೆ ತಾಗಿತು, ಪಟ ಗಿರಕಿ ಹೊಡೆದು ತೊಗರಿಯ ಕಡೆಯ ಒಡ್ಡಿಗೆ ಬಡಿಯಿತು. ಕೊಳವೆ ಮುರಿದ ಸದ್ದು ತೊಗರಿಯೊಳಕ್ಕೂ ಕೇಳಿಸಿತು. ಹಲಗೆ ನಿಂತಿತು.

ಚನ್ನು ಎದ್ದ. ಎದ್ದವನು ಮತ್ತೆ ಕೂತ.

ಹೇಳಲು ಬಾಯಿ ಬರುವುದಿಲ್ಲ, ಆದರೆ ನಡೆದದ್ದು ಹಾಗೆಯೇ. ಒಂದು ಹೆಜ್ಜೆ ಹೊರಗಿಟ್ಟರೆ ಎರಡು ಸಾವಿರ ಜನ ನೋಡುತ್ತಾರೆ, ಸಾಲಿಗೆ ಗೊತ್ತಾಗುತ್ತದೆ, ಅವ್ವನ ಉಡಿಯಲ್ಲಿ ಇನ್ನೂ ಕೊಬ್ಬರಿ ಇದೆ. ಖಾಲಾಗೂ ತಿಳಿಯುತ್ತದೆ, ಅಬ್ರಾರನ ಸಲುವಾಗಿಯಾದರೂ ಸುಮ್ಮನಿರಬೇಕು ಎಂದು ತನಗೆ ತಾನೇ ಹೇಳಿಕೊಂಡ. ಅದು ಅಬ್ರಾರನ ಸಲುವಾಗಿ ಅಲ್ಲವೆಂದು ಅವನಿಗೆ ಆಗಲೂ ಗೊತ್ತಿತ್ತು.

"ಚನ್ನೂ! ನನ್ನಪ್ಪಾ! ನನ್ನ ಕಂದಾ!" ಎಂದು ವಿಮಲಾಬಾಯಿ ಬೋರಾಡಿ ಅಳುತ್ತ ಓಡಿದಳು. ಜನ ಪಟ ಎತ್ತಿ ಹಾಕಿ ಅವನನ್ನು ಹೊರಗೆಳೆದರು. ವಿಮಲಾಬಾಯಿ ನೆಲಕ್ಕೆ ಕೂತು ಹೆಲ್ಮೆಟ್ಟಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಉಡಿಯ ಅಕ್ಕಿಯೆಲ್ಲ ಜಾಕೆಟ್ಟಿನ ಮೇಲೆ ಚೆಲ್ಲಿತು. ಯಾರೋ ಹೆಲ್ಮೆಟ್ ತೆಗೆಯಲು ಕೈ ಹಾಕಿದರೆ ಬಿದ್ದವನು ಎರಡೂ ಕೈಯಿಂದ ಅದನ್ನು ಅದುಮಿ ಹಿಡಿದುಕೊಂಡ.

"ತಗೀಬ್ಯಾಡ್ರಿ, ಕುತ್ತಿಗಿಗಿ ಪೆಟ್ಟಾಗಿದ್ರ ಕೆಲಸ ಕೆಡ್ತದ," ಎಂದ ಆಸ್ಪತ್ರೆಯ ಕಾಂಪೌಂಡರ್ ನರಸಪ್ಪ. "ಕಾಲು ಮುರದದ ನೋಡ್ರಿ. ಗಾಡಿ ತರಸ್ರಿ ಲಗೂ."

ರಹೀಮಾಬಿ ಮೊಣಕಾಲೂರಿ ಕೂತು ತನ್ನ ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಒಂದು ಕೈ ಗೆಳತಿಯ ಬೆನ್ನ ಮೇಲಿತ್ತು.

"ಅಳಬ್ಯಾಡ್ರಿ ವಿಮಲಕ್ಕಾ. ಏನೂ ಆಗಂಗಿಲ್ಲ ನಿಮ್ಮ ಮಗಗ. ಉಸಿರು ಆಡಾಕತ್ತದ ನೋಡ್ರಿ. ಬೇಟಾ ಚನ್ನು, ಕೇಳಿಸ್ತೇನಪ್ಪಾ? ನಾ ಖಾಲಾ ಇದ್ದೀನಿ."

ಹೆಲ್ಮೆಟ್ಟು ಆಚೆ ಹೊರಳಿತು. ಒಳಗಿನವನು ತುಟಿ ಬಿಚ್ಚಲಿಲ್ಲ, ನರಳಲೂ ಇಲ್ಲ. ನರಳಿದರೆ ತಾಯಿಗೆ ದನಿ ಗೊತ್ತಾಗುತ್ತದೆ.

"ಹೆದರಬ್ಯಾಡ್ರಿ ಅಕ್ಕಾ," ಎಂದಳು ರಹೀಮಾಬಿ. "ಅಬ್ರಾರನ ಅಪ್ಪ ಬಿದ್ದ ದಿನ ನೀವು ನನ್ನ ಕೂಡ ಕುಂತಿದ್ರಿ. ಇವತ್ತ ನಾ ನಿಮ್ಮ ಕೂಡ ಕುಂದ್ರತೀನಿ. ಎಲ್ಲಿಗೂ ಹೋಗಂಗಿಲ್ಲ ನಾ."

ತೊಗರಿಯೊಳಗೆ ಚನ್ನು ಬಾಯಿಗೆ ಅಂಗೈ ಒತ್ತಿ ಹಿಡಿದಿದ್ದ. ಒಂದೊಂದು ಮಾತೂ ಕಿವಿಯ ಹತ್ತಿರವೇ ಆಡಿದಷ್ಟು ಸ್ಪಷ್ಟವಾಗಿತ್ತು. ಏಳು, ಏಳು ಎಂದು ಒಳಗೆ ಏನೋ ಒದೆಯುತ್ತಿತ್ತು. ಗುಡ್ಡದ ಅಂಚಿನಲ್ಲಿ ನಿಂತ ಹಾಗೆಯೇ ಕಾಲುಗಳು ನಿಂತುಬಿಟ್ಟಿದ್ದವು.

"ನನ್ನ ಅಬ್ರಾರ ಇದ್ದಿದ್ರ ಎತ್ಕೊಂಡು ಓಡ್ತಿದ್ದ," ಎನ್ನುತ್ತ ರಹೀಮಾಬಿ ಫೋನ್ ತೆಗೆದಳು. "ತಾಂಡೂರಿಗಿ ಹೋಗ್ಯಾನ. ಇರ್ರಿ, ಕರಸ್ತೀನಿ. ಅವನ ದನಿ ಕೇಳಿದ್ರ ಚನ್ನುಗ ಧೈರ್ಯ ಬರ್ತದ."

ಚನ್ನುವಿನ ಕಿಸೆಯಲ್ಲಿ ಅಬ್ರಾರನ ಫೋನು ರಿಂಗಾಗತೊಡಗಿತು. ಅವನು ಗಾಬರಿಯಿಂದ ಕಿತ್ತು ತೆಗೆದ. ಪರದೆಯ ಮೇಲೆ ರಹೀಮಾಬಿಯ ಫೋಟೊ, ಕೆಳಗೆ 'ಅಮ್ಮೀ'. ಎಲ್ಲರ ಗಮನ ಬಿದ್ದವನ ಮೇಲಿದ್ದುದರಿಂದ ಯಾರೂ ಅದನ್ನು ಕೇಳಿಸಿಕೊಂಡಿರಲಿಲ್ಲ. ಗುಂಡಿ ಒತ್ತಿ ಕರೆ ಕಟ್ ಮಾಡಿದ.

"ಕಟ್ ಮಾಡಿದ," ಎಂದಳು ರಹೀಮಾಬಿ ಬೇಸರದಿಂದ. "ಗಾಡಿ ನಡಸ್ತಿರಬೇಕು, ಪಾಪ."

ಆ 'ಪಾಪ' ಎಂಬುದನ್ನು ಕೇಳಿದಾಗ ಚನ್ನುವಿಗೆ ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡಬೇಕೆನಿಸಿತು. ಭೂಮಿ ಬಾಯಿ ಬಿಡಲಿಲ್ಲ. ಫೋನು ಮತ್ತೆ ರಿಂಗಾಯಿತು, ಅದೇ ಮುಖ, ಅದೇ ಹೆಸರು. ಗುಂಡಿಯ ಮೇಲೆ ಬೆರಳಿಟ್ಟ. ಒತ್ತಲಾಗಲಿಲ್ಲ. ರಿಂಗಾಗುವ ಫೋನು ಹಿಡಿದುಕೊಂಡೇ ಎದ್ದು ತೊಗರಿಯಿಂದ ಹೊರಗೆ ಬಂದ.

ಮೊದಲು ನೋಡಿದವಳು ರಹೀಮಾಬಿ. ಫೋನು ಕಿವಿಗೆ ಹಿಡಿದೇ ತಲೆಯೆತ್ತಿದಳು. ಅವಳ ಮುಖ ಹೇಗೆ ಅರಳಿತೆಂದರೆ, ಆ ಮುಖವನ್ನು ಚನ್ನು ಸಾಯುವ ತನಕ ಮರೆಯುವ ಹಾಗಿಲ್ಲ.

"ಅಕ್ಕಾ! ವಿಮಲಕ್ಕಾ! ನೋಡ್ರಿ, ನಿಮ್ಮ ಮಗ ಅಲ್ಲಿ ನಿಂತಾನ! ಏನೂ ಆಗಿಲ್ಲ ಅವಗ, ಆರಾಮ ಇದ್ದಾನ!" ಎಂದು ಗೆಳತಿಯ ಭುಜ ಹಿಡಿದು ಅಲುಗಿಸಿ ನಕ್ಕಳು. "ಅಲ್ಲಾ ದೊಡ್ಡಾಂವ!"

ಜನರೂ ಕಂಡರು. "ಮಾಸ್ತರ ಉಳದಾರ! ಮಾಸ್ತರಿಗಿ ಏನೂ ಆಗಿಲ್ಲ!" ಎಂದು ಕೂಗಿದರು, ಶಿಳ್ಳೆ ಹಾಕಿದರು. ಮಡಿವಾಳಯ್ಯ ಓಡಿಬಂದು ಅವನ ಕೈಯನ್ನು ಮೇಲೆತ್ತಿ ಹಿಡಿದ. ಸುತ್ತಲೂ ಚಪ್ಪಾಳೆ ಬಿತ್ತು. ಮೇಲೆತ್ತಿದ ಆ ಕೈಯಲ್ಲಿ ಫೋನು ಇನ್ನೂ ರಿಂಗಾಗುತ್ತಿತ್ತು.

ರಹೀಮಾಬಿ ಆ ಫೋನನ್ನು ನೋಡಿದಳು. ಕಿವಿಯಿಂದ ತನ್ನ ಫೋನು ಇಳಿಸಿ ಅದನ್ನು ನೋಡಿದಳು. ಕರೆ ನಿಲ್ಲಿಸಿದಳು. ಚನ್ನುವಿನ ಕೈಯಲ್ಲಿನ ಸದ್ದೂ ನಿಂತಿತು. ನಗು ಅವಳ ಮುಖದಲ್ಲಿ ಹಾಗೆಯೇ ಉಳಿದಿತ್ತು, ತೆಗೆಯುವುದು ಮರೆತುಹೋದವಳ ಹಾಗೆ. ಬಗ್ಗಿ, ಹೆಲ್ಮೆಟ್ಟನ್ನು ಅದುಮಿ ಹಿಡಿದಿದ್ದ ಕೈಗಳನ್ನು ನೋಡಿದಳು. ಬಿಗಿಹಿಡಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಗಾಜನ್ನು ಮೇಲಕ್ಕೆ ಸರಿಸಿದಳು.

"ಅಮ್ಮೀ," ಎಂದ ಅಬ್ರಾರ. ಅಲ್ಲಿಯ ತನಕ ತಡೆದಿಟ್ಟುಕೊಂಡ ನರಳಾಟವೆಲ್ಲ ಒಮ್ಮೆಗೇ ಹೊರಗೆ ಬಂತು.

ಅವಳು ಚೀರಲಿಲ್ಲ. ಹಣೆಯ ಮೇಲೆ ಕೈಯಿಟ್ಟು, "ಅಳಬ್ಯಾಡ, ಇದ್ದೀನಿ," ಎಂದಳು. ವಿಮಲಾಬಾಯಿ ತೊಡೆಯ ಮೇಲಿನ ಮುಖ ನೋಡಿದಳು, ದೂರ ನಿಂತ ಮಗನನ್ನು ನೋಡಿದಳು. ಮಗ ಬದುಕಿದ್ದಾನೆಂಬ ಸಂತೋಷ ಆ ತಾಯಿಗೆ ಆಗಲಿಲ್ಲವೆಂದರೆ ಸುಳ್ಳಾದೀತು. ಆದರೆ ಅವಳು ಎದ್ದು ಬರಲಿಲ್ಲ. ಅಬ್ರಾರನ ತಲೆಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು ಸೆರಗಿನಿಂದ ಅವನ ಕುತ್ತಿಗೆಯ ಬೆವರು ಒರೆಸಿದಳು. ಚಪ್ಪಾಳೆ ತಟ್ಟುತ್ತಿದ್ದವರು ಒಬ್ಬೊಬ್ಬರಾಗಿ ನಿಲ್ಲಿಸಿದರು. ಮಡಿವಾಳಯ್ಯನಿಗೆ ಏನು ತಿಳಿಯಿತೋ, ಹಿಡಿದಿದ್ದ ಕೈಯನ್ನು ಮೆಲ್ಲಗೆ ಬಿಟ್ಟ.

ಅಷ್ಟರಲ್ಲಿ ದೇವೀಂದ್ರಪ್ಪನ ಜೀಪು ಬಂತು. ನರಸಪ್ಪ ಕಾಲಿಗೆ ಪಟ್ಟಿ ಕಟ್ಟಿ, ನಾಲ್ಕು ಜನ ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಜೀವಕ್ಕೆ ಅಪಾಯವಿಲ್ಲ, ಕಾಲು ಕೂಡಲು ತಿಂಗಳುಗಳು ಬೇಕು ಎಂದ ನರಸಪ್ಪ. ವಿಮಲಾಬಾಯಿ ಮೊದಲೇ ಹತ್ತಿ ಆ ತಲೆಯನ್ನು ಮತ್ತೆ ತೊಡೆಗೆ ತೆಗೆದುಕೊಂಡಿದ್ದಳು. ಚನ್ನು ಜೀಪಿನ ಹತ್ತಿರ ಬಂದು ಫೋನನ್ನು ಚಾಚಿದ. ರಹೀಮಾಬಿ ಅದನ್ನು ತೆಗೆದುಕೊಂಡಳು.

"ಎಷ್ಟೊತ್ತಿನಿಂದ ಅಲ್ಲಿದ್ದೆಪ್ಪಾ ನೀ?" ಎಂದು ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದ್ದಳು.

"ಮೊದಲಿಂದ, ಖಾಲಾ."

"ನಾ ನಿಮ್ಮವ್ವಗ ಸಮಾಧಾನ ಹೇಳ್ತಿದ್ದೆ. ಅದು ಕೇಳಿಸ್ತಿತ್ತು?"

"ಕೇಳಿಸ್ತಿತ್ತು."

"ಮೊದಲನೇ ಸಲ ಫೋನ್ ಕಟ್ ಮಾಡಿದವ?"

"ನಾನೇ."

ಅವಳು ತಲೆಯಾಡಿಸಿದಳು. ಬೈದಿದ್ದರೆ, ಕಪಾಳಕ್ಕೆ ಎರಡು ಕೊಟ್ಟಿದ್ದರೆ ಚನ್ನು ಕಾಲು ಹಿಡಿದು ಅಳುತ್ತಿದ್ದ. ಅವಳು ಸೆರಗು ಸರಿಮಾಡಿಕೊಂಡು ಜೀಪು ಹತ್ತಿ, ಮಗನ ಕಾಲನ್ನು ಮಡಿಲಲ್ಲಿ ಎತ್ತಿ ಹಿಡಿದು ಕೂತಳು. ಮುಂದಿನ ಸೀಟು ಖಾಲಿಯಿತ್ತು. ದೇವೀಂದ್ರಪ್ಪ ಸ್ಟೇರಿಂಗ್ ಹಿಡಿದು, ಗಾಡಿ ಬಿಡದೆ, ಚನ್ನುವಿನತ್ತ ನೋಡಿದ. ಚನ್ನು ಬಾಗಿಲಿಗೆ ಕೈ ಹಾಕಿದ.

"ನಡಸಪ್ಪಾ ದೇವೀಂದ್ರಪ್ಪಾ," ಎಂದಳು ಹಿಂದಿನಿಂದ ವಿಮಲಾಬಾಯಿ. "ನಮ್ಮವರು ಎಲ್ಲಾರೂ ಹತ್ತ್ಯಾರ."